ಕಾರಿಗೆ ‘ಸೆಲ್ಫ್’ ಕೊಟ್ಟ ಕೆಟರಿಂಗ್: ಆಗಾಗ ಕೈಕೊಡುವ ಹಳೇ ಕಾರಿನ ತೊಂದರೆ ಹುಡುಕುವುದು ಹೇಗೆ?

ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆದ ಹಳೇ ಕಾರು, ಮಧ್ಯಾಹ್ನ ಕೀಲಿ ತಿರುಗಿಸಿದರೆ ಕಟ್ ಎಂದು ಸದ್ದು ಮಾಡಿ ಸುಮ್ಮನಾಗುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್! ಗ್ಯಾರೇಜಿಗೆ ಒಯ್ದಾಗಲಂತೂ ತೊಂದರೆ ಕಾಣಿಸಿಕೊಳ್ಳುವುದೇ ಇಲ್ಲ. ಕೊನೆಗೆ ಯಾರೋ ಹೇಳಿದರೆಂದು ಹೊಸ ಬ್ಯಾಟರಿ ಹಾಕಿಸುತ್ತೇವೆ, ವಾರದ ನಂತರ ಮತ್ತೆ ಅದೇ ಕಥೆ.

ತೊಂದರೆ ಎಲ್ಲಿ ಅಡಗಿದೆ ಎಂದು ತಿಳಿಯಲು ಈ ಏರ್ಪಾಡನ್ನು ರೂಪಿಸಿದ ವ್ಯಕ್ತಿಯ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ನಾವು ಬಾಯಿಮಾತಿನಲ್ಲಿ ‘ಸೆಲ್ಫ್’ ಎನ್ನುವ ಸೆಲ್ಫ್ ಸ್ಟಾರ್ಟರನ್ನು ಕಾರುಗಳಲ್ಲಿ ಬಳಕೆಗೆ ತಂದವರು ಅಮೆರಿಕದ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್.

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಓಹಾಯೋ ರಾಜ್ಯದ ಲೌಡನ್‌ವಿಲ್ ಬಳಿಯ ಒಂದು ರೈತ ಕುಟುಂಬದಲ್ಲಿ. ಚಿಕ್ಕಂದಿನಿಂದಲೂ ಕಣ್ಣಿನ ತೊಂದರೆ. ಹೆಚ್ಚು ಓದಿದರೆ ತಲೆನೋವು. ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. ಕಾಲೇಜಿಗೆ ಸೇರಿದ ಮೇಲೆ ಕಣ್ಣಿನ ಕಾರಣಕ್ಕೆ ಓದು ನಿಲ್ಲಿಸಿ, ಟೆಲಿಫೋನ್ ತಂತಿ ಎಳೆಯುವ ತಂಡದಲ್ಲಿ ದುಡಿದರು. ಮತ್ತೆ ಕಾಲೇಜಿಗೆ ಮರಳಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಪಡೆದದ್ದು 1904ರಲ್ಲಿ, ತಮ್ಮ 27ನೇ ವಯಸ್ಸಿನಲ್ಲಿ.

ಮೊದಲ ಕೆಲಸ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಗಳ ಗಲ್ಲಾಪೆಟ್ಟಿಗೆ ಯಂತ್ರವನ್ನು ಆಗ ಕೈಯಿಂದ ತಿರುಗಿಸಬೇಕಿತ್ತು. ಅದಕ್ಕೆ ವಿದ್ಯುತ್ ಮೋಟಾರ್ ಅಳವಡಿಸುವುದು ಅವರಿಗೆ ಸಿಕ್ಕ ಹೊಣೆ. ದಿನವಿಡೀ ಓಡುವ ಮೋಟಾರ್ ಬಿಸಿಯಾಗಿ ಸುಟ್ಟುಹೋಗದಿರಲು ದೊಡ್ಡದಾಗಿರಬೇಕು. ಆದರೆ ಕ್ಷಣಹೊತ್ತು ಮಾತ್ರ ತಿರುಗಿ ನಿಲ್ಲುವ ಮೋಟಾರ್ ಚಿಕ್ಕದಿದ್ದರೂ ಸಾಕು, ಅದರಿಂದ ಆ ಕ್ಷಣಕ್ಕೆ ಭಾರೀ ಬಲ ಪಡೆಯಬಹುದು. ಮುಂದೆ ಕಾರಿನಲ್ಲೂ ಕೈಹಿಡಿದದ್ದು ಇದೇ ಯೋಚನೆ.

1909ರಲ್ಲಿ ಅವರು ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಡೆಲ್ಕೋ ಸಂಸ್ಥೆ ಕಟ್ಟಿದರು. ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯೇ ಅವರ ಕಾರ್ಯಾಗಾರ. ಅಲ್ಲಿ ತಯಾರಾದ ಹೊಸ ಇಗ್ನಿಷನ್ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಂಪನಿ ಕೊಂಡುಕೊಂಡಿತು. ಆಮೇಲೆ ಬಂದದ್ದೇ ಸೆಲ್ಫ್ ಸ್ಟಾರ್ಟರ್.

ಅಲ್ಲಿಯವರೆಗೆ ಕಾರು ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ನಮ್ಮ ಹಳೇ ಅಂಬಾಸಿಡರ್ ಕಾರಿಗೂ ಹ್ಯಾಂಡಲ್ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇಂಜಿನ್ ತಿರುಗುಮುರುಗಾಗಿ ಒದ್ದರೆ ಹ್ಯಾಂಡಲ್ ಹಿಡಿದ ಕೈಯೇ ಮುರಿಯುತ್ತಿತ್ತು. ಮಣಿಕಟ್ಟಿನ ಹತ್ತಿರದ ಒಂದು ಬಗೆಯ ಮೂಳೆಮುರಿತವನ್ನು ವೈದ್ಯರು ಇಂದಿಗೂ ‘ಶೋಫರ್ಸ್ ಫ್ರಾಕ್ಚರ್’, ಅಂದರೆ ಕಾರು ಚಾಲಕನ ಮುರಿತ ಎಂದೇ ಕರೆಯುತ್ತಾರೆ.

ಇಲ್ಲೊಂದು ಜನಪ್ರಿಯ ಕಥೆಯನ್ನೂ ಪರೀಕ್ಷಿಸಿಬಿಡೋಣ. 1910ರ ಚಳಿಗಾಲದಲ್ಲಿ ಡೆಟ್ರಾಯಿಟ್‌ನಲ್ಲಿ ಕಾರು ನಿಂತು ಪರದಾಡುತ್ತಿದ್ದ ಮಹಿಳೆಗೆ ನೆರವಾಗಲು ಹೋದ ಕಾರು ತಯಾರಕ ಬೈರನ್ ಕಾರ್ಟರ್, ಹ್ಯಾಂಡಲ್ ಒದ್ದು ಗಾಯಗೊಂಡು ತೀರಿಕೊಂಡರಂತೆ. ಅವರ ಗೆಳೆಯರಾಗಿದ್ದ ಕ್ಯಾಡಿಲಾಕ್ ಮುಖ್ಯಸ್ಥ ಹೆನ್ರಿ ಲೀಲ್ಯಾಂಡ್ ಆ ದುಃಖದಲ್ಲೇ ಸೆಲ್ಫ್ ಸ್ಟಾರ್ಟರ್ ಮಾಡಿಸಿದರಂತೆ. ಕೇಳಲು ಮನಮುಟ್ಟುವ ಕಥೆ. ಆದರೆ ಕಾರ್ಟರ್ ತೀರಿಕೊಂಡದ್ದು 1908ರಲ್ಲೇ! ಕೆಟರಿಂಗ್ ಅವರೇ ಮೊದಲಿಗರು ಎನ್ನುವುದೂ ಪೂರ್ತಿ ಸರಿಯಲ್ಲ. ಮೋಟಾರಿನಿಂದ ಇಂಜಿನ್ ತಿರುಗಿಸುವ ಪ್ರಯತ್ನಗಳು 19ನೇ ಶತಮಾನದ ಕೊನೆಯಲ್ಲೇ ನಡೆದಿದ್ದವು. ದಿನನಿತ್ಯ ನಂಬಬಹುದಾದ ವ್ಯವಸ್ಥೆಯಾಗಿ ಅದನ್ನು ಮಾಡಿದ ಶ್ರೇಯ ಮಾತ್ರ ಕೆಟರಿಂಗ್ ತಂಡದ್ದು. 1911ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಸೆಲ್ಫ್ ಸ್ಟಾರ್ಟರ್ ಜೊತೆಗೇ ಮಾರುಕಟ್ಟೆಗೆ ಬಂದವು.

ಅವರ ವ್ಯವಸ್ಥೆಯ ಹೆಚ್ಚುಗಾರಿಕೆ ಇದು: ಬ್ಯಾಟರಿ ಮೋಟಾರನ್ನು ತಿರುಗಿಸುತ್ತದೆ, ಮೋಟಾರ್ ಇಂಜಿನ್ನಿನ ಫ್ಲೈವೀಲನ್ನು ತಿರುಗಿಸುತ್ತದೆ, ಇಗ್ನಿಷನ್ ಕಿಡಿ ಕೊಡುತ್ತದೆ, ಇಂಜಿನ್ ಓಡತೊಡಗಿದ ಮೇಲೆ ಅದೇ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡುತ್ತದೆ. ಇದೊಂದು ಸರಪಳಿ. ನಮ್ಮ ಹಳೇ ಕಾರಿನ ತೊಂದರೆ ಇದರ ಯಾವುದೋ ಒಂದು ಕೊಂಡಿಯಲ್ಲಿರುತ್ತದೆ. ಯಾವ ಕೊಂಡಿ ಎನ್ನುವುದನ್ನು ಕಾರಿನ ಸದ್ದೇ ಬಹುಮಟ್ಟಿಗೆ ಹೇಳುತ್ತದೆ.

1. ಲೈಟು ಮಂಕಾಗಿ, ಟಕಟಕ ಸದ್ದು ಬಂದರೆ: ಬ್ಯಾಟರಿ ಅಥವಾ ಅದರ ಟರ್ಮಿನಲ್. ಮಲ್ಟಿಮೀಟರ್ ಹಿಡಿದು ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ನಿಂತಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ ಎಂದರ್ಥ. ಇಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇರದಿದ್ದರೆ ಬ್ಯಾಟರಿಯನ್ನು ಬೈಯಬೇಡಿ, ಆಲ್ಟರ್ನೇಟರ್ ನೋಡಿಸಿ.

2. ಲೈಟು ಚೆನ್ನಾಗಿದ್ದೂ ಒಂದೇ ಒಂದು ಕಟ್ ಸದ್ದು ಬಂದರೆ: ಸ್ಟಾರ್ಟರ್‌ನ ಸೊಲೆನಾಯ್ಡ್, ಸವೆದ ಕಾರ್ಬನ್ ಬ್ರಷ್, ಇಲ್ಲವೇ ಇಂಜಿನ್ ಮತ್ತು ಬಾಡಿ ನಡುವಿನ ಅರ್ತ್ ವೈರ್. ಆಗಾಗ ಮಾತ್ರ ಕಾಣಿಸುವ ತೊಂದರೆಗೆ ತುಕ್ಕು ಹಿಡಿದ ಅರ್ತ್ ವೈರ್ ಬಹಳ ಸಾಮಾನ್ಯ ಕಾರಣ. ಅದನ್ನು ಬಿಚ್ಚಿ, ಉಜ್ಜಿ, ಬಿಗಿದು ಹಾಕಲು ಖರ್ಚೇ ಇಲ್ಲ. ಬಿಸಿಯಾದ ತಾಮ್ರದ ತಂತಿಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚು. ಹೀಗಾಗಿ ಸವೆದ ಸ್ಟಾರ್ಟರ್ ಬಿಸಿಲಲ್ಲಿ ಓಡಿ ಬಂದಾಗ ಕೈಕೊಟ್ಟು, ತಣ್ಣಗಾದ ಮೇಲೆ ಕೆಲಸ ಮಾಡಬಹುದು.

3. ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ: ಬ್ಯಾಟರಿ, ಸ್ಟಾರ್ಟರ್ ಎರಡೂ ನಿರಪರಾಧಿಗಳು. ಕಿಡಿ ಅಥವಾ ಪೆಟ್ರೋಲ್ ಬರುತ್ತಿಲ್ಲ. ಪಾಯಿಂಟ್, ಕಂಡೆನ್ಸರ್, ಕಾಯಿಲ್, ಡಿಸ್ಟ್ರಿಬ್ಯೂಟರ್ ಇರುವ ಹಳೇ ಇಗ್ನಿಷನ್‌ಗೆ ಇಂದಿಗೂ ‘ಕೆಟರಿಂಗ್ ಇಗ್ನಿಷನ್’ ಎಂದೇ ಹೆಸರು. ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಇದ್ದದ್ದು ಇದೇ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಕಿಡಿ ನಿಂತರೆ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು.

ಒಂದು ಎಚ್ಚರಿಕೆ: ಸ್ಟಾರ್ಟರ್ ಕ್ಷಣಹೊತ್ತಿನ ಕೆಲಸಕ್ಕೆಂದೇ ಇರುವ ಮೋಟಾರ್. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೀಲಿ ಒತ್ತಿ ಹಿಡಿಯಬೇಡಿ, ಮಧ್ಯೆ ಅದಕ್ಕೆ ಬಿಡುವು ಕೊಡಿ. ಪರೀಕ್ಷಿಸುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ವೀಡಿಯೊಗಳಲ್ಲಿ ತೋರಿಸುವಂತೆ ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟರ್ ಶಾರ್ಟ್ ಮಾಡುವ ಸಾಹಸ ಬೇಡ.

ಕೆಟರಿಂಗ್ 1920ರಿಂದ 1947ರವರೆಗೆ ಜನರಲ್ ಮೋಟಾರ್ಸ್‌ನ ಸಂಶೋಧನಾ ವಿಭಾಗ ನಡೆಸಿದರು. ಗೆಲುವಿನ ಜೊತೆ ಸೋಲೂ ಇತ್ತು: ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಅವರ ಇಂಜಿನ್ ಬಿಸಿಯೇರಿ ಕೈಕೊಟ್ಟು, 1923ರಲ್ಲಿ ಆ ಕಾರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಇನ್ನೊಂದು ವಿಷಯ ಅದಕ್ಕಿಂತ ಗಂಭೀರವಾದದ್ದು. ಇಂಜಿನ್ ಒಳಗೆ ಟಣಟಣ ಬಡಿಯುವ ನಾಕಿಂಗ್‌ಗೆ ಅವರ ಬ್ಯಾಟರಿ ಇಗ್ನಿಷನ್ನೇ ಕಾರಣವೆಂಬ ದೂರಿತ್ತು. ಅವರ ತಂಡ ಹುಡುಕಿದಾಗ ಕಾರಣ ಸಿಕ್ಕಿದ್ದು ಇಂಧನದಲ್ಲಿ. ರೋಗವನ್ನು ಸರಿಯಾಗಿ ಪತ್ತೆಹಚ್ಚಿದರು, ಆದರೆ ಆರಿಸಿಕೊಂಡ ಮದ್ದು ಸೀಸ. ಅವರ ಪ್ರಯೋಗಾಲಯದ ಥಾಮಸ್ ಮಿಡ್ಗ್ಲೆ ನಾಕಿಂಗ್‌ಗೆ ಮದ್ದೆಂದು 1921ರಲ್ಲಿ ಕಂಡುಕೊಂಡ ಈ ಸೀಸದ ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸತೊಡಗಿದರು. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ತಗ್ಗುತ್ತದೆಂದು ತಂಡಕ್ಕೆ ಗೊತ್ತಿತ್ತು. ಸೀಸ ವಿಷವೆಂಬುದೂ ಆಗಲೇ ತಿಳಿದಿದ್ದ ಸಂಗತಿ. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ವಿಷವೇರಿ ಸತ್ತರು. ಆದರೂ ಮಾರಾಟ ಮುಂದುವರಿಯಿತು. ದಶಕಗಳ ಕಾಲ ಆ ಸೀಸ ಹೊಗೆಯಾಗಿ ಮಕ್ಕಳ ರಕ್ತ ಸೇರಿತು, ಅವರ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಟ್ಟಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ, ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದಲ್ಲಿ, 2021ರಲ್ಲಿ.

ನ್ಯೂಯಾರ್ಕಿನ ಹೆಸರಾಂತ ಕ್ಯಾನ್ಸರ್ ಸಂಶೋಧನಾ ಕೇಂದ್ರ ಸ್ಲೋನ್–ಕೆಟರಿಂಗ್‌ನಲ್ಲಿರುವುದೂ ಇವರದೇ ಹೆಸರು. 1958ರ ನವೆಂಬರ್ 25ರಂದು ಡೇಟನ್‌ನಲ್ಲಿ ತೀರಿಕೊಂಡಾಗ ಅವರಿಗೆ 82 ವರ್ಷ.

ಮುಂದಿನ ಸಲ ನಿಮ್ಮ ಕಾರು ಕೈಕೊಟ್ಟಾಗ ಮೂರು ವಿಷಯ ಬರೆದಿಟ್ಟುಕೊಳ್ಳಿ: ಇಂಜಿನ್ ಬಿಸಿ ಇತ್ತೇ, ಲೈಟು ಮಂಕಾಯಿತೇ, ಯಾವ ಸದ್ದು ಬಂತು? ನಾಲ್ಕೈದು ಸಲದ ಟಿಪ್ಪಣಿ ಮೆಕ್ಯಾನಿಕ್ ಕೈಗೆ ಕೊಟ್ಟರೆ, ಗ್ಯಾರೇಜಿನಲ್ಲಿ ಕಾಣಿಸಿಕೊಳ್ಳದ ತೊಂದರೆಯೂ ಸಿಕ್ಕಿಬೀಳುತ್ತದೆ. ಹೊಸ ಬ್ಯಾಟರಿಯ ದುಡ್ಡು ಉಳಿದರೂ ಉಳಿದೀತು!