ರಾಜ್ಯ ಕೈತಪ್ಪಿತು, ಎಲೆ ಕೈಬಿಡಲಿಲ್ಲ: ಮುಮ್ಮಡಿ ಒಡೆಯರ ದುಂಡೆಲೆ ಆಟದ ಕತೆ

ಹುಲಿಕೆರೆ: ಯುಗಾದಿ ಬಂತೆಂದರೆ ನಮ್ಮ ಹುಲಿಕೆರೆ, ಹಳೇಬೀಡು, ಬೇಲೂರು ಕಡೆ ಅರಳಿಕಟ್ಟೆ, ಜಗುಲಿ, ಅಂಗಡಿ ಮುಂದಿನ ಬೆಂಚು ಎಲ್ಲಾ ಕಡೆ ಇಸ್ಪೀಟ್ ಎಲೆ ಬೀಳುತ್ತವೆ. ಆವತ್ತೊಂದು ದಿನ ಮನೆಯವರೂ ಬೈಯಲ್ಲ. ಆದರೆ ಎಲೆ ಹಂಚುವವನ ಕೈ ಸ್ವಲ್ಪ ಚುರುಕಾದರೆ ಸಾಕು, ಏನೋ ಕೈಚಳಕ ಮಾಡ್ದ ಅಂತ ಗಲಾಟೆ ಶುರುವಾಗುತ್ತೆ. ಕೈಗಿಂತ ನೆನಪಿಗೆ ಹೆಚ್ಚು ಕೆಲಸ ಕೊಡುವ ಎಲೆ ಆಟಗಳನ್ನು ಕಟ್ಟಿದ ಅರಸರೊಬ್ಬರು ನಮ್ಮ ಮೈಸೂರಲ್ಲೇ ಇದ್ದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರ್. ನಮ್ಮ ಬೇಲೂರು ಸೀಮೆಯೂ ಆಗ ಅವರ ರಾಜ್ಯದ್ದೇ.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು. ಆಗ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಆಳ್ವಿಕೆ. ಅರಸು ಮನೆತನ ಹೆಸರಿಗಷ್ಟೇ ಇತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರು ಐದು ವರ್ಷದ ಈ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದರು. ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಆಸರೆ, ದಿವಾನ್ ಪೂರ್ಣಯ್ಯನವರ ಆಡಳಿತ. ಹುಡುಗ ಬೆಳೆದು ದೊಡ್ಡವನಾದ ಮೇಲೆ ರಾಜ್ಯಭಾರ ಕೈಗೆ ಬಂತು.

ಬಂದದ್ದು ಬಹಳ ದಿನ ಉಳಿಯಲಿಲ್ಲ. ಕಂಪನಿಗೆ ವರ್ಷ ವರ್ಷ ಕಪ್ಪ ಕಟ್ಟಬೇಕು. ಅರಮನೆ ಖರ್ಚಿಗೂ ದಾನಧರ್ಮಕ್ಕೂ ಅರಸರ ಕೈ ಹಿಡಿತದಲ್ಲಿರಲಿಲ್ಲ, ಸಾಲ ಬೆಳೆಯಿತು. ಇಷ್ಟು ಹಣ ತಂದುಕೊಡ್ತೀವಿ ಅಂತ ಶರತ್ತು ಬರೆದುಕೊಟ್ಟ ಅಮಲ್ದಾರರು ರೈತರನ್ನು ಹಿಂಡಿದರು. 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕಿತ್ತುಕೊಂಡ. ಅರಸರ ವಯಸ್ಸು ಆಗ 37. ವರ್ಷಕ್ಕೆ ಒಂದು ಲಕ್ಷ ವರಹ, ಜೊತೆಗೆ ಕಂದಾಯದ ಐದನೇ ಒಂದು ಪಾಲು ಅವರಿಗೆ ಅಂತ ಗೊತ್ತಾಯಿತು. ಕಚೇರಿಗಳು ಬೆಂಗಳೂರಿಗೆ ಹೋದವು. ಸಿಂಹಾಸನ ಮೈಸೂರಲ್ಲೇ ಉಳಿಯಿತು, ಆದರೆ ಅದರ ಮುಂದೆ ಸಹಿಗೆ ಬರುವ ಕಾಗದ ಇರಲಿಲ್ಲ.

ಮುಂದಿನ 37 ವರ್ಷ ಅವರು ಹಾಗೇ ಕಳೆದರು. ಬೇರೆ ಯಾರಾದರೂ ಆಗಿದ್ದರೆ ಕೊರಗಿಯೇ ಸಾಯುತ್ತಿದ್ದರೋ ಏನೋ. ಇವರು ಪಂಡಿತರನ್ನು, ಚಿತ್ರಗಾರರನ್ನು ಸುತ್ತ ಕೂರಿಸಿಕೊಂಡರು. 1833ರಲ್ಲಿ ಮೈಸೂರಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಚದುರಂಗದ ಕುದುರೆ ಒಂದು ಮನೆಗೂ ಎರಡನೇ ಸಲ ಕಾಲಿಡದೆ 64 ಮನೆ ಸುತ್ತಿ ಬರುವ ಲೆಕ್ಕ ಹಾಕಿದರು. ಶ್ರೀತತ್ತ್ವನಿಧಿ ಅನ್ನೋ ಒಂಬತ್ತು ಭಾಗದ ಸಚಿತ್ರ ಗ್ರಂಥ ಅವರ ಹೆಸರಲ್ಲಿದೆ. ಅದರ ಕೌತುಕನಿಧಿ ಭಾಗದಲ್ಲಿ ಎಲೆ ಆಟಗಳ ವಿವರ ಬರುತ್ತದೆ.

ಆ ಎಲೆ ನಮ್ಮ ಇಸ್ಪೀಟ್ ಎಲೆಯಂತಲ್ಲ. ಹೆಸರು ಗಂಜೀಫಾ. ಬಹುತೇಕ ದುಂಡಗೆ, ಕೈಯಲ್ಲೇ ಬಣ್ಣ ಬರೆದು ಅರಗಿನ ಹೊಳಪು ಕೊಟ್ಟ ಎಲೆ. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಪ್ರತಿ ರಂಗಿಗೂ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿ ಎಲೆ. ಅರ್ಧ ರಂಗುಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಹಗಲು ಆಡಿದರೆ ರಾಮನ ಎಲೆ ಇದ್ದವರು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಇದ್ದವರು.

ಮುಮ್ಮಡಿಯವರಿಗೆ ಇದೂ ಸಾಲದಾಯಿತು. ಅವರು ಕಟ್ಟಿದ ಹೊಸ ಆಟಗಳಿಗೆ ಛದ ಅಂತ ಹೆಸರು. ಛದ ಅಂದ್ರೆ ಸಂಸ್ಕೃತದಲ್ಲಿ ಎಲೆ ಅಂತಲೇ ಅರ್ಥ. ಕೆಲವು ಆಟಕ್ಕೆ 18 ರಂಗು, ಕೆಲವು ಕಟ್ಟಿಗೆ 360 ಎಲೆ. ಜೊತೆಗೆ ಸದಾ ತುರುಪಾಗಿಯೇ ಇರುವ ಎಲೆಗಳು ಬೇರೆ. ಯಾವ ಎಲೆ ಬಿತ್ತು, ಯಾವುದು ಯಾರ ಕೈಲಿ ಉಳಿಯಿತು ಅಂತ ಅಷ್ಟನ್ನೂ ತಲೆಯಲ್ಲಿ ಇಟ್ಟುಕೊಳ್ಳದೆ ಗೆಲ್ಲೋಕಾಗಲ್ಲ.

ಇನ್ನು ಕೈಚಳಕದ ವಿಷಯ. ಅದು ಬೆಳೆದದ್ದು ಯುರೋಪಿನ 52 ಎಲೆಯ ಕಟ್ಟಿನಲ್ಲಿ. ಉದ್ದನೆ ಎಲೆಯ ಎದುರುಬದುರು ಮೂಲೆಯನ್ನು ಕಿರುಬೆರಳ ತುದಿಗೂ ಹೆಬ್ಬೆರಳ ಬುಡಕ್ಕೂ ಒತ್ತಿಸಿ ಅಂಗೈಲಿ ಬಚ್ಚಿಡೋದು ಒಂದು. ಮೇಲಿನ ಎಲೆ ಕೊಡೋ ಥರ ತೋರಿಸಿ ತಳದ್ದನ್ನು ಎಳೆದು ಕೊಡೋದು ಇನ್ನೊಂದು. ಕಲೆಸಿದಂತೆ ಮಾಡಿ ಬೇಕಾದ ಎಲೆಯನ್ನು ಇದ್ದಲ್ಲೇ ಇಡೋದು ಮೂರನೆಯದು. ಇಂಥ ಗುಟ್ಟುಗಳನ್ನು 1584ರಲ್ಲೇ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಪುಸ್ತಕದಲ್ಲಿ ಬಿಚ್ಚಿಟ್ಟಿದ್ದ. ಮಾಟಗಾತಿಯರು ಅಂತ ಹೇಳಿ ಬಡವರನ್ನು ಕೊಲ್ಲುತ್ತಿದ್ದ ಕಾಲ ಅದು. ಇದೆಲ್ಲ ಮಾಟವಲ್ಲ, ಬೆರಳ ಕೆಲಸ ಅಂತ ತೋರಿಸೋದು ಅವನ ಉದ್ದೇಶವಾಗಿತ್ತು. ಮುಮ್ಮಡಿಯವರ ಕಾಲದಲ್ಲೇ ವಿಯೆನ್ನಾದ ಸರ್ಕಾರಿ ನೌಕರ ಹೊಫ್‌ಜಿನ್ಸರ್ ಈ ಬೆರಳ ಕೆಲಸವನ್ನು ದೊಡ್ಡ ಕಲೆಯಾಗಿ ಬೆಳೆಸಿದ.

ಮೂಲೆಯೇ ಇಲ್ಲದ ದುಂಡೆಲೆಗೆ ಮೂಲೆ ಹಿಡಿಯುವ ಈ ವಿದ್ಯೆ ನಡೆಯೋದು ಕಷ್ಟ. ಮೈಸೂರಿನ ಛದದಲ್ಲಿ ಕೈಗಿಂತ ತಲೆ ಮುಖ್ಯ.

ಅರಸರ ಕೊನೆಯ ಆಟ ಮಾತ್ರ ಎಲೆಯದ್ದಲ್ಲ, ವಂಶದ್ದು. ಗಂಡು ಸಂತಾನ ಇಲ್ಲದೆ 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಇಂಗ್ಲಿಷರು ಮೊದಲು ಒಪ್ಪಲಿಲ್ಲ. ಒಪ್ಪದಿದ್ದರೆ ಅರಸರ ನಂತರ ಮೈಸೂರು ಅವರದ್ದೇ ಆಗುತ್ತಿತ್ತು. ಅರಸರು ಮನವಿ ಮೇಲೆ ಮನವಿ ಬರೆದರು, ಸೋಲಲಿಲ್ಲ. 1867ರಲ್ಲಿ ಒಪ್ಪಿಗೆ ಬಂತು. ಮರುವರ್ಷ ಮಾರ್ಚ್ 27ರಂದು ಅವರು ತೀರಿಕೊಂಡರು. ರಾಜ್ಯ ಮತ್ತೆ ಮನೆತನದ ಕೈಗೆ ಬಂದದ್ದು 1881ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ಛದದ ಆಟಗಳು ಅರಮನೆ ದಾಟಿ ಊರಿಗೆ ಬರಲೇ ಇಲ್ಲ. ಅಷ್ಟು ಎಲೆ ಬರೆಸೋಕೆ ಯಾರ ಹತ್ತಿರ ದುಡ್ಡಿತ್ತು? ಅಚ್ಚಾಗಿ ಬಂದ ಅಗ್ಗದ ಇಸ್ಪೀಟ್ ಗೆದ್ದಿತು. ಆದರೂ ಮೈಸೂರು ಗಂಜೀಫಾ ಕಲೆ ಸತ್ತಿಲ್ಲ. ಇವತ್ತು ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಬರೆಯುವ ಕಲಾವಿದರೂ ಇದ್ದಾರೆ.

ಮುಂದಿನ ಯುಗಾದಿಗೆ ಕಟ್ಟೆ ಮೇಲೆ ಕೂತಾಗ ಎಲೆ ಹಂಚುವವರ ಕೈ ಮೇಲೆ ಒಂದು ಕಣ್ಣಿಡಿ. ಬಿದ್ದ ಎಲೆಗಳನ್ನೂ ನೆನಪಿಟ್ಟುಕೊಂಡು ಆಡಿ ನೋಡಿ. ಮುಮ್ಮಡಿಯವರು ಆಡುತ್ತಿದ್ದದ್ದು ಹಾಗೇ.