ಪ್ರಾಣಗಳ ಲೆಕ್ಕವಿಟ್ಟ ಹಾಫ್‌ಕಿನ್ ಮಹಾಶಯರು

ಊರಿನಿಂದ ಬಂದ ನೆಂಟರನ್ನು ಪರೇಲಿನ ದೊಡ್ಡ ಆಸ್ಪತ್ರೆಗಳಿಗೆ ಕರೆದೊಯ್ಯದ ಮುಂಬಯಿ ಕನ್ನಡಿಗರು ವಿರಳ. ಅಲ್ಲಿಯೇ ಸಮೀಪದಲ್ಲಿ, ಹಿಂದೆ ಗವರ್ನರರು ವಾಸವಾಗಿದ್ದ ಹಳೆಯ ಬಂಗಲೆಯಲ್ಲಿ, ಹಾಫ್‌ಕಿನ್ ಸಂಸ್ಥೆಯಿದೆ. ಆ ಹೆಸರಿನ ಮಹನೀಯರು ಯಾರೆಂದು ನಮ್ಮಲ್ಲಿ ಅನೇಕರು ವಿಚಾರಿಸಿರಲಾರರು. ಬ್ಯಾಂಕಿನಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನನಗೆ ಅವರ ಚರಿತ್ರೆ ಪ್ರಿಯವಾಗಲು ಕಾರಣವುಂಟು. ಅವರೂ ಎರಡು ಕಾಲಮುಗಳ ಲೆಕ್ಕವಿಟ್ಟವರೇ. ಆದರೆ ಅವರದು ಹಣದ ಲೆಕ್ಕವಲ್ಲ, ಪ್ರಾಣಗಳ ಲೆಕ್ಕ.

ವಾಲ್ಡೆಮಾರ್ ಹಾಫ್‌ಕಿನ್ನರು 1860ರಲ್ಲಿ ಒಡೆಸ್ಸಾ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿದರು. ಅಂದು ಅದು ರಷ್ಯಾ ಚಕ್ರವರ್ತಿಗಳ ಆಳ್ವಿಕೆಗೆ ಸೇರಿದ ಊರು. ಪ್ರಸಿದ್ಧ ವಿಜ್ಞಾನಿ ಮೆಚ್ನಿಕಾಫರ ಶಿಷ್ಯರಾಗಿ ಉತ್ತಮ ವಿದ್ಯೆ ಪಡೆದರೂ, ಯೆಹೂದಿಯಾದ ಅವರಿಗೆ ಪ್ರಾಧ್ಯಾಪಕ ಪದವಿಯ ಬಾಗಿಲು ಮುಚ್ಚಿತ್ತು. ದೇಶ ಬಿಟ್ಟು, 1889ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪುಸ್ತಕಭಂಡಾರದಲ್ಲಿ ಸಹಾಯಕರಾಗಿ ಸೇರಿದರು. ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರ ಜುಲೈನಲ್ಲಿ ಮೊದಲು ತಮ್ಮ ದೇಹಕ್ಕೇ ಚುಚ್ಚಿಕೊಂಡರು.

1893ರಲ್ಲಿ ಭಾರತಕ್ಕೆ ಬಂದ ಅವರ ಮುಂದೆ ಕಠಿಣ ಪ್ರಶ್ನೆಯೊಂದಿತ್ತು. ದೇಶವೋ ವಿಶಾಲ, ಮದ್ದೋ ಸ್ವಲ್ಪ. ಮೊದಲು ಯಾರಿಗೆ ಕೊಡುವುದು? ರೋಗ ಎಲ್ಲಿ ಮರಳಿ ಮರಳಿ ಬರುವುದೋ, ಬಂದರೆ ಯಾರು ಹೆಚ್ಚಾಗಿ ಸಾಯುವರೋ ಅಲ್ಲಿಗೆ ಹೋಗುವುದೆಂದು ಅವರು ನಡೆದರು. ಕಲ್ಕತ್ತೆಯ ಬಸ್ತಿಗಳು, ಅಸ್ಸಾಮಿನ ಚಹಾ ತೋಟಗಳ ಕೂಲಿಗಳು, ಸೈನಿಕರು, ಸೆರೆಮನೆಯ ಕೈದಿಗಳು: ಇವರೇ ಅವರ ಆಯ್ಕೆಯ ಜನ.

1894ರಲ್ಲಿ ಕಲ್ಕತ್ತೆಯ ಕಟ್ಟಲ್ ಬಾಗಾನ್ ಬಸ್ತಿಯಲ್ಲಿ ಕಾಲರಾ ಕಾಣಿಸಿತು. ಅಲ್ಲಿದ್ದ ಸುಮಾರು 200 ಜನರಲ್ಲಿ 116 ಮಂದಿ ಚುಚ್ಚಿಸಿಕೊಂಡರು. ಒಂದೇ ಗಲ್ಲಿ, ಒಂದೇ ನೀರು. ಅನಂತರ ರೋಗ ತಗುಲಿದವರು 10 ಮಂದಿ, ಸತ್ತವರು 7. ಅವರೆಲ್ಲರೂ ಚುಚ್ಚಿಸಿಕೊಳ್ಳದ ಕಾಲಮಿನವರೇ! ಅಕ್ಕಪಕ್ಕದ ಮನೆಯವರನ್ನು ಹೀಗೆ ಹೋಲಿಸಿ ನೋಡುವುದೇ ಹಾಫ್‌ಕಿನ್ನರ ಪದ್ಧತಿ.

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ತಲೆದೋರಿತು. ಜನ ಗಂಟುಮೂಟೆ ಕಟ್ಟಿ ಓಡಿದರು. ಸರ್ಕಾರ ಹಾಫ್‌ಕಿನ್ನರನ್ನು ಕರೆಸಿ, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರನ್ನು ಕೊಟ್ಟಿತು. ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮತ್ತೆ ತಮಗೇ ಚುಚ್ಚಿಸಿಕೊಂಡರು. ಅದೇ ತಿಂಗಳು ಬೈಕಳಾ ಜೈಲಿನಲ್ಲಿ ರೋಗ ಹೊಕ್ಕಾಗ ಅಲ್ಲಿಯ ಕೈದಿಗಳಲ್ಲಿ ಅರ್ಧದಷ್ಟು ಮಂದಿ ಮುಂದೆ ಬಂದರು. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು, 6 ಸಾವು; ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ರೋಗ, ಸಾವಿಲ್ಲ. ಕೈದಿಗೂ ಕೂಲಿಗೂ ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟಿತ್ತೆಂದು ಇಂದು ನಾವು ಕೇಳಬೇಕಾದುದೇ. ಆದರೆ ತಮಗೆ ಚುಚ್ಚಿಕೊಳ್ಳದ ಮದ್ದನ್ನು ಅವರು ಪರರಿಗೆ ಚುಚ್ಚಲಿಲ್ಲವೆಂಬುದನ್ನೂ ಮರೆಯಲಾಗದು.

ಪ್ಲೇಗು ನಮ್ಮ ನಾಡನ್ನೂ ಬಿಡಲಿಲ್ಲ. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಮಾರಿ ಹಬ್ಬಿದಾಗ ಡಾಕ್ಟರ್ ಲ್ಯೂಮನ್ನರ ಮುಂದಾಳುತನದಲ್ಲಿ 30,000ಕ್ಕೂ ಮಿಕ್ಕಿ ಜನ ಹಾಫ್‌ಕಿನ್ನರ ಮದ್ದನ್ನು ಚುಚ್ಚಿಸಿಕೊಂಡರು. ಧಾರವಾಡ, ಗದಗಗಳಲ್ಲಿಯೂ ಈ ಕಾರ್ಯ ನಡೆಯಿತು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯೆಂಬುದು ಹುಬ್ಬಳ್ಳಿಯ ಲೆಕ್ಕದಿಂದಲೂ ತಿಳಿಯಿತು. ಅಂದು ತೋಳು ನೀಡಿದವರ ಮೊಮ್ಮಕ್ಕಳು, ಮರಿಮಕ್ಕಳು ಈ ಸಂಚಿಕೆಯ ಓದುಗರಲ್ಲಿಯೂ ಇರಬಹುದು.

ಇಷ್ಟು ಉಪಕಾರ ಮಾಡಿದವರಿಗೆ ದೊರೆತ ಪ್ರತಿಫಲವೇನು? 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಒಂದೇ ಸೀಸೆಯ ಮದ್ದು ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ದೋಷವೆಲ್ಲ ಪರೇಲಿನ ಪ್ರಯೋಗಶಾಲೆಯ ಮೇಲೆ ಬಿತ್ತು. ಹಾಫ್‌ಕಿನ್ನರು ಕೆಲಸದಿಂದ ದೂರವಾದರು. ಸೀಸೆಯ ಬಿರಡೆ ತೆಗೆಯುವಾಗ ಗ್ರಾಮದಲ್ಲಿಯೇ ಚಿಮಟ ನೆಲಕ್ಕೆ ಬಿದ್ದಿತ್ತೆಂಬ ಸಾಕ್ಷ್ಯ ಕಡತದಲ್ಲಿಯೇ ಇತ್ತು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದವರು ಅವರ ಪರವಾಗಿ ದನಿಯೆತ್ತಿದ ಮೇಲೆ, 1907ರಲ್ಲಿ ಕಳಂಕ ತೊಳೆಯಿತು. ಆದರೆ ತಾವೇ ಕಟ್ಟಿದ ಪರೇಲಿನ ಸಂಸ್ಥೆಯ ಅಧಿಕಾರ ಅವರಿಗೆ ಮರಳಿ ಸಿಗಲಿಲ್ಲ. ಕಲ್ಕತ್ತೆಯಲ್ಲಿ ಕೆಲಸ ಮಾಡಿ ನಿವೃತ್ತರಾದರು. ಅವರು ಮದುವೆಯಾಗಲಿಲ್ಲ. 1925ರಲ್ಲಿ ಸಂಸ್ಥೆಗೆ ಅವರ ಹೆಸರನ್ನಿಟ್ಟರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ನಿನಲ್ಲಿ ದೇಹ ಬಿಟ್ಟರು.

2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಮೊದಲು ಆಸ್ಪತ್ರೆಯ ಸಿಬ್ಬಂದಿಗೆ, ಬಳಿಕ 60 ವರ್ಷ ದಾಟಿದವರಿಗೆ, ಅವರ ಜೊತೆಗೆ 45 ವರ್ಷ ದಾಟಿದ ರೋಗಿಗಳಿಗೆ ಕೊಟ್ಟುದು ನೆನಪಿರಬಹುದು. ಹೆಚ್ಚು ಅಪಾಯದಲ್ಲಿರುವವನಿಗೆ ಮೊದಲ ಪಾಲು ಎಂಬ ನ್ಯಾಯವೇ ಅದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಇಕ್ಕಟ್ಟಾದ ಚಾಳುಗಳಲ್ಲಿ ಬಾಳು ಕಟ್ಟಿದವರು ನಮ್ಮ ಹಿರಿಯರು. ನಮ್ಮಂತೆಯೇ ಪರಸ್ಥಳದಿಂದ ಈ ಮುಂಬಯಿಗೆ ಬಂದು, ಅಂಥವರ ಬಾಗಿಲಿಗೇ ಮೊದಲು ಹೋದ ಈ ಮಹಾಶಯರನ್ನು ರಾಜ್ಯೋತ್ಸವದ ಈ ಶುಭದಿನ ಸ್ಮರಿಸುವುದು ನಮ್ಮ ಋಣವಲ್ಲವೆ?