ಸ್ವಂತ ಖರ್ಚಿನಲ್ಲಿ ಬಣ್ಣದ ಚಿತ್ರ ಮೂಡಿಸಿದ ಬೈರ್ಡ್

ಟೆಲಿವಿಷನ್ ಜನಕ ಎಂದೊಡನೆ ನೆನಪಾಗುವ ಹೆಸರು ಜಾನ್ ಲೋಗಿ ಬೈರ್ಡ್. 1926ರ ಜನವರಿ 26ರಂದು ಲಂಡನ್ನಿನ ಸೋಹೋ ಬಡಾವಣೆಯ ಮಾಳಿಗೆಯಲ್ಲಿ ಅವರು ವಿಜ್ಞಾನಿಗಳಿಗೆ ಚಲಿಸುವ ಮುಖಗಳನ್ನು ತೋರಿಸಿದ್ದು ಎಲ್ಲರೂ ಬಲ್ಲ ಸಂಗತಿ. ಅದೇ ಬೈರ್ಡ್ ಕೊನೆಗಾಲದಲ್ಲಿ ಮನೆಯಲ್ಲೇ ಕುಳಿತು, ಕೈಯಿಂದ ಹಣ ಹಾಕಿ, ನಿಚ್ಚಳವಾದ ವರ್ಣಚಿತ್ರವನ್ನು ತೆರೆಗೆ ಹಾಯಿಸುವ ಯಂತ್ರ ಕಟ್ಟಿದ್ದು ಮಾತ್ರ ಅಷ್ಟಾಗಿ ಪ್ರಚಾರ ಪಡೆದಿಲ್ಲ.

1888ರ ಆಗಸ್ಟ್ 13ರಂದು ಸ್ಕಾಟ್ಲೆಂಡಿನ ಹೆಲೆನ್ಸ್‌ಬರೋದಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಅವರನ್ನು ಅನಾರೋಗ್ಯ ಜೀವನವಿಡೀ ಕಾಡಿತು. ಕಾಲುಚೀಲ ಮಾರಿದರು, ಟ್ರಿನಿಡಾಡಿಗೆ ಹೋಗಿ ಜಾಮ್ ತಯಾರಿಸಿದರು. 1923ರಲ್ಲಿ ಹೇಸ್ಟಿಂಗ್ಸ್ ಪಟ್ಟಣ ಸೇರಿ ಚಹಾ ಪೆಟ್ಟಿಗೆ, ಟೋಪಿ ಡಬ್ಬಿ, ದಬ್ಬಣ, ಸೈಕಲ್ ದೀಪದ ಮಸೂರ, ಅರಗುಗಳಿಂದಲೇ ದೂರದರ್ಶನ ಯಂತ್ರ ಜೋಡಿಸಿದರು. ಮರುವರ್ಷ ವಿದ್ಯುದಾಘಾತವಾಯಿತು. ಪ್ರಾಣ ಉಳಿಯಿತು, ಬಾಡಿಗೆ ಕೋಣೆ ಉಳಿಯಲಿಲ್ಲ.

ಟೆಲಿವಿಷನ್ ಚಿತ್ರವೆಂದರೆ ಅಡ್ಡಗೆರೆಗಳ ಜೋಡಣೆ. ಗೆರೆ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ. ಬೈರ್ಡ್ ಅವರ ಆರಂಭದ ಚಿತ್ರಕ್ಕಿದ್ದುದು ಸುಮಾರು 30 ಗೆರೆ. 1936ರ ನವೆಂಬರಿನಲ್ಲಿ ಬಿಬಿಸಿ ನಿಯತ ಪ್ರಸಾರ ಆರಂಭಿಸಿದಾಗ ಅವರ ಕಂಪನಿಯ 240 ಗೆರೆಗಳ ವ್ಯವಸ್ಥೆಗೂ ಮಾರ್ಕೋನಿ-ಇಎಂಐ ಸಂಸ್ಥೆಯ 405 ಗೆರೆಗಳ ವ್ಯವಸ್ಥೆಗೂ ಪೈಪೋಟಿ ನಡೆಯಿತು. ಅಂದು 240 ಗೆರೆಯನ್ನೇ ಹೈ ಡೆಫಿನಿಷನ್ ಎನ್ನುತ್ತಿದ್ದರು! ಆ ತಿಂಗಳ 30ರಂದು ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗಾಹುತಿಯಾಗಿ ಕಂಪನಿಯ ಪ್ರಯೋಗಾಲಯ ಸುಟ್ಟಿತು. 1937ರ ಆರಂಭದಲ್ಲಿ ಬಿಬಿಸಿ ಬೈರ್ಡ್ ವ್ಯವಸ್ಥೆಯನ್ನು ಕೈಬಿಟ್ಟಿತು. 1939ರಲ್ಲಿ ಯುದ್ಧ ಬಂದು ಪ್ರಸಾರವೇ ನಿಂತಾಗ ಕಂಪನಿಯೂ ಮುಳುಗಿತು.

ಐವತ್ತು ದಾಟಿದ, ಸಂಬಳವೂ ಇಲ್ಲದ ಮನುಷ್ಯ ಇಲ್ಲಿಗೆ ಸಾಕೆನ್ನಬಹುದಿತ್ತು. ಬೈರ್ಡ್ ಹೆಂಡತಿ ಮಕ್ಕಳನ್ನು ಬಾಂಬ್ ದಾಳಿಯಿಂದ ದೂರ ಕಾರ್ನ್‌ವಾಲಿಗೆ ಕಳಿಸಿ, ಲಂಡನ್ನಿನ ಸಿಡೆನ್‌ಹ್ಯಾಮ್ ಮನೆಯಲ್ಲಿ ಒಬ್ಬಿಬ್ಬರು ಸಹಾಯಕರೊಡನೆ ಕೆಲಸಕ್ಕಿಳಿದರು. ಖರ್ಚೆಲ್ಲ ಅವರದೇ. ಅಲ್ಲಿ ಸಿದ್ಧವಾದದ್ದು 600 ಗೆರೆಗಳ ವರ್ಣಯಂತ್ರ. ಕ್ಯಾಥೋಡ್ ರೇ ಕೊಳವೆಯಲ್ಲಿ ಪ್ರಖರ ಚಿತ್ರ ಮೂಡುತ್ತಿತ್ತು. ಅದರ ಮುಂದೆ ಬಣ್ಣದ ಗಾಜುಪಟ್ಟಿಗಳಿದ್ದ ಚಕ್ರ ತಿರುಗುತ್ತಿತ್ತು. ಕಿತ್ತಳೆಗೆಂಪು ಒಮ್ಮೆ, ನೀಲಿಹಸಿರು ಮತ್ತೊಮ್ಮೆ ಸರಿಯುವ ವೇಗಕ್ಕೆ ಕಣ್ಣು ಎರಡನ್ನೂ ಬೆರೆಸಿಕೊಳ್ಳುತ್ತಿತ್ತು. ಆ ಬೆಳಕನ್ನು ಮಸೂರವೊಂದು ದೊಡ್ಡದು ಮಾಡಿ ತೆರೆಗೆ ಹಾಯಿಸುತ್ತಿತ್ತು. ಇಂದಿನ ಕೆಲವು ಪ್ರೊಜೆಕ್ಟರುಗಳಲ್ಲಿಯೂ ಬಣ್ಣದ ಚಕ್ರ ತಿರುಗುತ್ತದೆ ಎಂಬುದು ಕುತೂಹಲದ ವಿಷಯ.

1941ರಲ್ಲಿ ಕೇಬಲ್ ಅಂಡ್ ವೈರ್‌ಲೆಸ್ ಕಂಪನಿ ಸಲಹೆಗಾರನ ಹುದ್ದೆ ಕೊಟ್ಟು ವರ್ಷಕ್ಕೆ ಸಾವಿರ ಪೌಂಡ್ ನೀಡಿದ್ದರಿಂದ ಉಸಿರಾಡುವಂತಾಯಿತು. 1944ರ ಆಗಸ್ಟಿನಲ್ಲಿ ಚಕ್ರವೇ ಬೇಡದ ಟೆಲಿಕ್ರೋಮ್ ಕೊಳವೆಯನ್ನು ಪತ್ರಕರ್ತರಿಗೆ ತೋರಿಸಿದರು. ತೆಳು ಅಭ್ರಕದ ಹಾಳೆಯ ಎರಡೂ ಮುಖಕ್ಕೆ ಬೇರೆ ಬೇರೆ ಬಣ್ಣದ ಲೇಪ. ಒಂದೊಂದು ಮುಖಕ್ಕೆ ಒಂದೊಂದು ಎಲೆಕ್ಟ್ರಾನ್ ಕಿರಣ. ಯುದ್ಧಾನಂತರದ ಪ್ರಸಾರ ಕುರಿತು ಸರ್ಕಾರ ನೇಮಿಸಿದ ಹ್ಯಾಂಕಿ ಸಮಿತಿಯ ಮುಂದೆಯೂ ಹಾಜರಾದರು. 1945ರಲ್ಲಿ ಪ್ರಕಟವಾದ ವರದಿ, ಮುಂದೆ ಸಾವಿರ ಗೆರೆಗಳ ಬಣ್ಣದ ಚಿತ್ರಕ್ಕೆ ಪ್ರಯತ್ನಿಸಬೇಕೆಂದರೂ ಸದ್ಯಕ್ಕೆ ಹಳೆಯ 405 ಗೆರೆಯೇ ಸಾಕೆಂದಿತು.

1946ರ ಜೂನ್ 7ರಂದು ಬಿಬಿಸಿ ಟೆಲಿವಿಷನ್ ಕಪ್ಪುಬಿಳುಪಿನಲ್ಲಿ ಪುನರಾರಂಭಗೊಂಡಿತು. ಜೂನ್ 14ರಂದು ಬೆಕ್ಸ್‌ಹಿಲ್‌ನ ಮನೆಯಲ್ಲಿ, 57ನೇ ವಯಸ್ಸಿನಲ್ಲಿ, ಬೈರ್ಡ್ ತೀರಿಕೊಂಡರು. ಬ್ರಿಟನ್ನಿನಲ್ಲಿ ಬಣ್ಣದ ಪ್ರಸಾರ ಆರಂಭವಾದದ್ದು 1967ರಲ್ಲಿ.